ಧೂಳಿಗೂ ಎರಡು ಕಾಲ

ಕಾರವಾರ, ಅಂಕೋಲಾ ಕಡೆ ಧೂಳಿನ ಮಾತು ಬಂದರೆ ಎಲ್ಲರೂ ಹೇಳುವುದು ಬೇಸಿಗೆಯದ್ದೇ. ಹೆದ್ದಾರಿ, ಲಾರಿ, ಕೆಂಪು ಮಣ್ಣು. ಜೂನ್‌ನಲ್ಲಿ ಮಳೆ ಹಿಡಿಯಿತು ಅಂದರೆ ಅಬ್ಬ, ಧೂಳಿನ ಕಾಟ ಮುಗೀತು ಅಂತ ನಿಟ್ಟುಸಿರು. ಆದರೆ ಅದೇ ಮಳೆಗಾಲದಲ್ಲಿ ಬೆಳಿಗ್ಗೆ ಹಾಸಿಗೆಯಿಂದ ಎದ್ದ ಕೂಡಲೇ ಸಾಲಾಗಿ ಸೀನುವವರು ಎಷ್ಟು ಮನೆಯಲ್ಲಿಲ್ಲ ಹೇಳಿ? ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಧೂಳು ಅರ್ಧ ವರ್ಷ ಹೊರಗಿಂದ ಬರುತ್ತದೆ, ಉಳಿದರ್ಧ ಒಳಗೇ ಹುಟ್ಟುತ್ತದೆ. ಎರಡಕ್ಕೂ ಒಂದೇ ಮದ್ದು ಮಾಡಿದರೆ ಆಗುವುದಿಲ್ಲ.

ಮೊದಲು ಹೊರಗಿನದು. ಕಾರವಾರದಲ್ಲಿ ರಾಷ್ಟ್ರೀಯ ಹೆದ್ದಾರಿ 66 ಕಡಲಿಗೂ ಊರಿಗೂ ನಡುವೆ ಹಾದುಹೋಗುತ್ತದೆ. ಬಿಸಿಲೇರಿದಂತೆ ನೆಲ ಕಾಯುತ್ತದೆ, ಅದರ ಮೇಲಿನ ಗಾಳಿ ಮೇಲೇಳುತ್ತದೆ, ಆ ಜಾಗಕ್ಕೆ ಸಮುದ್ರದ ಗಾಳಿ ನುಗ್ಗುತ್ತದೆ, ಬರುವಾಗ ದಾರಿಯಲ್ಲಿ ಸಿಕ್ಕ ಹೆದ್ದಾರಿಯ ಧೂಳನ್ನೂ ಊರೊಳಗೆ ತರುತ್ತದೆ. ರಾತ್ರಿ ಇದು ತಿರುಗಾಮುರುಗಾ. ಗಾಳಿ ಘಟ್ಟದ ಕಡೆಯಿಂದ ಕಡಲಿಗೆ ಹೋಗುತ್ತದೆ. ಹಾಗಾಗಿ ಹೆದ್ದಾರಿಯ ಪೂರ್ವಕ್ಕೆ ಮನೆ ಇರುವವರು ಪಡುವಣ ಕಿಟಕಿಯನ್ನು ಬೆಳಗಿನ ಜಾವ ತೆರೆದಿಟ್ಟು ಮಧ್ಯಾಹ್ನಕ್ಕೆ ಮುಚ್ಚಿದರೆ ಸಾಕು, ಒಳಗೆ ಬರುವ ಮಣ್ಣು ಎಷ್ಟೋ ಕಡಿಮೆಯಾಗುತ್ತದೆ. ಶಿರಸಿ ಕಡೆಯವರಿಗೆ ಕಡಲಗಾಳಿಯ ಲೆಕ್ಕ ಇಲ್ಲ, ಅಲ್ಲಿ ಚಾಲಿ, ಅಂದರೆ ಸಿಪ್ಪೆ ಸಮೇತ ಬಿಸಿಲಿಗೆ ಒಣಗಿಸಿದ ಅಡಿಕೆ, ಸುಲಿಯುವ ಧೂಳು ದೊಡ್ಡದು. ಅದನ್ನು ಮಲಗುವ ಕೋಣೆಯಿಂದ ದೂರ, ಹೊರಗಿನ ಶೆಡ್ಡಿನಲ್ಲಿ ಮಾಡುವುದೇ ಒಳ್ಳೆಯದು.

ಕರಾವಳಿಯಲ್ಲಿ ಇನ್ನೊಂದು ತೊಂದರೆ ಉಪ್ಪು. ಅಲೆ ಒಡೆದಾಗ ಹಾರುವ ಹನಿ ಒಣಗಿ ಉಪ್ಪಿನ ಸಣ್ಣ ಕಣವಾಗಿ ಗಾಳಿಯಲ್ಲಿ ಬರುತ್ತದೆ. ಗಾಳಿಯ ತೇವಾಂಶ ಸುಮಾರು ಶೇ. 75 ದಾಟಿದರೆ ಉಪ್ಪು ತಾನೇ ನೀರು ಹೀರಿ ಕರಗುತ್ತದೆ. ನಮ್ಮ ಕಿಟಕಿ ಸರಳು, ಫ್ಯಾನಿನ ರೆಕ್ಕೆ ಮೇಲೆ ಧೂಳು ಅಂಟು ಅಂಟಾಗಿ ಕೂರುವುದಕ್ಕೆ ಇದೂ ಒಂದು ಕಾರಣ. ಅದನ್ನು ಒಣಬಟ್ಟೆಯಲ್ಲಿ ಉಜ್ಜಬೇಡಿ, ಒದ್ದೆ ಬಟ್ಟೆ ಬೇಕು.

ಈಗ ಗುಡಿಸುವ ವಿಷಯ. ಇಲ್ಲಿ ನನಗೆ ಸ್ವಲ್ಪ ಜಗಳವೇ ಇದೆ. ಫ್ಯಾನ್ ಹಾಕಿಕೊಂಡು ಒಣ ಹಿಡಿಯಲ್ಲಿ (ಪೊರಕೆಯಲ್ಲಿ) ಜೋರಾಗಿ ಗುಡಿಸಿದರೆ ನೆಲ ಸ್ವಚ್ಛವಾಗುತ್ತದೆ, ಗಾಳಿ ಹೊಲಸಾಗುತ್ತದೆ. ನಮ್ಮ ತಲೆಕೂದಲಿನ ದಪ್ಪ ಸುಮಾರು 70 ಮೈಕ್ರಾನ್, ಅಂದರೆ ಮಿಲಿಮೀಟರಿನ ಸಾವಿರ ಪಾಲಿನಲ್ಲಿ 70 ಪಾಲು. ಅಷ್ಟು ದೊಡ್ಡ ಕಣ ಬೇಗ ನೆಲಕ್ಕೆ ಬೀಳುತ್ತದೆ. ಆದರೆ ಭೌತವಿಜ್ಞಾನಿ ಜಾರ್ಜ್ ಸ್ಟೋಕ್ಸ್ 1851ರಲ್ಲಿ ಕೊಟ್ಟ ಸೂತ್ರದ ಪ್ರಕಾರ, ಇಂಥ ಸಣ್ಣ ಕಣದ ಗಾತ್ರ ಹತ್ತು ಪಟ್ಟು ಕಡಿಮೆಯಾದರೆ ಅದು ಇಳಿಯುವ ವೇಗ ನೂರು ಪಟ್ಟು ಕಡಿಮೆಯಾಗುತ್ತದೆ. 10 ಮೈಕ್ರಾನಿನ ಕಣ ಮಾಡಿನಿಂದ ನೆಲಕ್ಕೆ ಬರಲು ಕೆಲವು ನಿಮಿಷ ಬೇಕು, 1 ಮೈಕ್ರಾನಿನದ್ದಕ್ಕೆ ಗಾಳಿ ಅಲುಗಾಡದಿದ್ದರೂ ಹಲವು ಗಂಟೆ. ಶ್ವಾಸಕೋಶದ ಆಳಕ್ಕೆ ಇಳಿಯುವುದು ಈ ಸಣ್ಣದೇ. ಗುಡಿಸಿ ಎಬ್ಬಿಸಿದ್ದು ನೀವು ನೆಲ ಒರೆಸಿ, ಊಟ ಮಾಡಿ, ಮಲಗಿದ ಮೇಲೂ ಇಳಿಯುತ್ತಲೇ ಇರುತ್ತದೆ. ಅದಕ್ಕೇ ಫ್ಯಾನ್ ನಿಲ್ಲಿಸಿ, ಮೇಲಿನ ಕಪಾಟು, ಫ್ಯಾನಿನ ರೆಕ್ಕೆ ಮೊದಲು, ನೆಲ ಕೊನೆಗೆ, ಎಲ್ಲವನ್ನೂ ಒದ್ದೆ ಬಟ್ಟೆಯಲ್ಲಿ. ನೀರಿನ ತೆಳು ಪದರ ಕಣವನ್ನು ಹಿಡಿಯುವ ಬಲ ಆ ಕಣದ ಭಾರಕ್ಕಿಂತ ತುಂಬಾ ಜಾಸ್ತಿ. ವ್ಯಾಕ್ಯೂಮ್ ಕ್ಲೀನರ್ ಕೊಳ್ಳುವುದಾದರೆ ತೀರಾ ಸಣ್ಣ ಕಣವನ್ನೂ ಹಿಡಿಯುವ ಹೆಪಾ ಫಿಲ್ಟರ್ ಇದೆಯಾ ನೋಡಿ, ಇಲ್ಲದಿದ್ದರೆ ಸಣ್ಣ ಧೂಳು ಹಿಂದಿನಿಂದ ವಾಪಸ್ ಕೋಣೆಗೇ ಬರುತ್ತದೆ.

ಇನ್ನು ಮಳೆಗಾಲ. ಸೀನಿಸುವ ಧೂಳಿನಲ್ಲಿ ಮುಖ್ಯವಾದದ್ದು ಧೂಳುಹುಳ. ಉದ್ದ ಮಿಲಿಮೀಟರಿನ ಮೂರನೇ ಒಂದು ಪಾಲಿನಷ್ಟು, ಎಂಟು ಕಾಲು, ತಿನ್ನುವುದು ನಮ್ಮ ಮೈಯಿಂದ ಉದುರುವ ಚರ್ಮದ ಹೊಟ್ಟು. ಮನೆಧೂಳಿನ ಅಲರ್ಜಿಗೆ ಈ ಹುಳವೇ ಕಾರಣ ಅಂತ 1964ರಲ್ಲಿ ನೆದರ್ಲೆಂಡ್ಸ್‌ನ ಲೈಡನ್‌ನಲ್ಲಿ ವೋರ್‌ಹಾರ್ಸ್ಟ್, ಸ್ಪೀಕ್ಸ್ಮಾ ಮತ್ತು ಜೊತೆಗಾರರು ತೋರಿಸಿಕೊಟ್ಟರು. ಹುಳ ಕಚ್ಚುವುದಿಲ್ಲ. ಅದರ ಹಿಕ್ಕೆಯಲ್ಲಿರುವ ಪ್ರೋಟೀನು ಮೂಗಿಗೆ ಹೋದಾಗಲೇ ತೊಂದರೆ. ಆಶ್ಚರ್ಯದ ಸಂಗತಿ ಅಂದರೆ ಇದು ನೀರು ಕುಡಿಯುವುದೇ ಇಲ್ಲ, ಮುಂಗಾಲಿನ ಬುಡದ ಗ್ರಂಥಿಗಳಿಂದ ಉಪ್ಪುರಸ ಸುರಿಸಿ ಗಾಳಿಯ ತೇವವನ್ನೇ ಹೀರಿಕೊಳ್ಳುತ್ತದೆ. ತೇವಾಂಶ ಶೇ. 50ಕ್ಕಿಂತ ಕೆಳಗೆ ಬಹಳ ದಿನ ಇದ್ದರೆ ಒಣಗಿ ಸಾಯುತ್ತದೆ. ಆದರೆ ಜುಲೈ ಕಾರವಾರದಲ್ಲಿ ಅದು ಶೇ. 80 ಮೀರಿರುತ್ತದೆ. ಹತ್ತಿ ಗಾದಿ, ದಿಂಬು, ಕಂಬಳಿ, ಮೇಲೆ ನಮ್ಮ ಮೈಬೆವರು, ಬೇರೇನು ಬೇಕು ಅದಕ್ಕೆ?

ಕರಾವಳಿಯ ಗಾಳಿ ಒಣಗಿಸುವುದು ನಮ್ಮ ಕೈಲಾಗದ ಕೆಲಸ, ಹಾಸಿಗೆ ನೋಡಿಕೊಳ್ಳುವುದು ಆಗುತ್ತದೆ. ಚಾದರ, ದಿಂಬಿನ ಚೀಲಗಳನ್ನು ವಾರಕ್ಕೊಮ್ಮೆ ತೊಳೆಯಿರಿ. ಹುಳ ಸಾಯಬೇಕಾದರೆ ನೀರು 55ರಿಂದ 60 ಡಿಗ್ರಿ ಬಿಸಿ ಇರಬೇಕು, ಬಚ್ಚಲ ಹಂಡೆ ಉರಿಯುವ ಮನೆಗಳಲ್ಲಿ ಅದೇನು ಕಷ್ಟವಲ್ಲ. ಬಿಸಿನೀರು ಇಲ್ಲದಿದ್ದರೂ ತೊಳೆಯುವುದು ಬಿಡಬೇಡಿ, ಸೀನು ತರಿಸುವ ಪ್ರೋಟೀನು ತಣ್ಣೀರಿನಲ್ಲೂ ಬಹಳಷ್ಟು ಕರಗಿ ಹೋಗುತ್ತದೆ. ದಿಂಬಿಗೆ, ಗಾದಿಗೆ ಒತ್ತು ನೇಯ್ಗೆಯ, ಜಿಪ್ ಇರುವ ಹೊದಿಕೆ ಹಾಕಿ. ಎದ್ದ ಕೂಡಲೇ ಹಾಸಿಗೆ ಮಡಚಬೇಡಿ, ಸ್ವಲ್ಪ ಹೊತ್ತು ಹಾಗೇ ಹರಡಿಡಿ, ಬೆವರಿನ ತೇವ ಆರಲಿ. ಒದ್ದೆ ಬಟ್ಟೆಯನ್ನು ಮಲಗುವ ಕೋಣೆಯಲ್ಲಿ ಹಗ್ಗ ಕಟ್ಟಿ ಒಣಹಾಕುವುದನ್ನು ದಯವಿಟ್ಟು ನಿಲ್ಲಿಸಿ, ಜಗಲಿಯಲ್ಲಿ ಎರಡು ದಿನ ಹೆಚ್ಚು ಹಿಡಿದರೂ ಪರವಾಗಿಲ್ಲ.

ಸೊಳ್ಳೆ ಬತ್ತಿಯನ್ನೂ ಇಲ್ಲೇ ಸೇರಿಸಬೇಕು. ಚೀನಾ ಮತ್ತು ಮಲೇಷ್ಯಾದ ಬತ್ತಿಗಳ ಮೇಲೆ ನಡೆಸಿದ ಒಂದು ಅಧ್ಯಯನ 2003ರಲ್ಲಿ ಪ್ರಕಟವಾಯಿತು. ಒಂದು ಬತ್ತಿ ಪೂರ್ತಿ ಉರಿದಾಗ ಬರುವ 2.5 ಮೈಕ್ರಾನಿಗಿಂತ ಸಣ್ಣ ಕಣಗಳು 75ರಿಂದ 137 ಸಿಗರೇಟಿಗೆ ಸಮ ಅಂತ ಅದರಲ್ಲಿ ಕಂಡುಬಂತು. ಮಕ್ಕಳು ಮಲಗುವ ಕೋಣೆಯಲ್ಲಿ ಕಿಟಕಿ ಮುಚ್ಚಿ ಅದನ್ನು ಹಚ್ಚುವ ಬದಲು ಸೊಳ್ಳೆ ಪರದೆ ಕಟ್ಟಿ.

ದೊಡ್ಡ ಕೆಲಸಕ್ಕೆ ಮಾತ್ರ ಮೇ ತಿಂಗಳು ಬಿಟ್ಟರೆ ಬೇರೆ ಕಾಲ ಇಲ್ಲ. ಹಲಸಿನ ಹಪ್ಪಳ ಅಂಗಳದಲ್ಲಿ ಒಣಗುವ ದಿನಗಳಲ್ಲೇ ಗಾದಿ, ಕಂಬಳಿಗಳನ್ನೂ ಹಪ್ಪಳದಿಂದ ದೂರ, ಸುಡು ಬಿಸಿಲಿಗೆ ಹಾಕಿ, ಎರಡೂ ಮಗ್ಗಲು ಕಾಯಿಸಿ, ಚೆನ್ನಾಗಿ ಬಡಿದು ಒಳಗಿಡಿ. ಬಡಿಯುವವರು ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ, ಉಬ್ಬಸ ಇರುವವರು ಆ ಹೊತ್ತು ಮನೆಯ ಇನ್ನೊಂದು ಬದಿಗಿರಲಿ.