ಸ್ಪೀಕರ್ ಹೊಸದು, ಬಾಗಿಲು ಹಳೆಯದು

ಅಪ್ಪನ ಕಾರು 2006ರದು. ಸಣ್ಣ ಕಾರು, ಗ್ಲಾಸ್ ಇಳಿಸಲು ಕೈಯಲ್ಲಿ ತಿರುಗಿಸುವ ಹಿಡಿ, ಮುಂದಿನ ಎರಡು ಬಾಗಿಲಲ್ಲಿ ಕಂಪನಿಯವರೇ ಕೂರಿಸಿದ ಒಂದೊಂದು ಸ್ಪೀಕರ್. ಎಂಜಿನ್ ಇವತ್ತಿಗೂ ಒಂದೇ ಸೆಲ್ಫ್ ಸ್ಟಾರ್ಟಿಗೆ ಎದ್ದು ಕೂರುತ್ತದೆ. ಕೆಟ್ಟಿದ್ದು ಎಡಬಾಗಿಲಿನ ಸ್ಪೀಕರ್. ಮೃದಂಗದ ತೊಪ್ಪಿಯ, ಅಂದರೆ ದಪ್ಪ ದನಿಯ ಎಡಮುಖದ, ಮೇಲೆ ಪೆಟ್ಟು ಬಿದ್ದಾಗ ‘ಗುಂ’ ಅನ್ನಬೇಕಾದದ್ದು ‘ಬರ್ರ್’ ಅನ್ನುತ್ತಿತ್ತು. ಅಪ್ಪ ಅದಕ್ಕೆ ಒಗ್ಗಿಕೊಂಡಿದ್ದರು. ವಾಲ್ಯೂಮ್ ಹತ್ತು ದಾಟಿಸುತ್ತಿರಲಿಲ್ಲ, ಅಷ್ಟೇ. ನನಗೆ ಒಗ್ಗಲಿಲ್ಲ. ಹೊಸದು ಹಾಕಿಬಿಡೋಣ, ಒಂದು ಭಾನುವಾರದ ಕೆಲಸ ಅಂದುಕೊಂಡೆ. ಮೂರು ಭಾನುವಾರ ಹಿಡಿಯಿತು. ಅದರಲ್ಲಿ ಎರಡು, ನಾನೇ ಮಾಡಿದ ಎಡವಟ್ಟು ಹುಡುಕುವುದರಲ್ಲಿ ಹೋದವು.

ಹಳೆ ಕಾರಿನ ಡೋರ್ ಪ್ಯಾಡ್ (ಬಾಗಿಲಿನ ಒಳಬದಿಯ ಹೊದಿಕೆ) ಬಿಚ್ಚಲು ಹೊರಟರೆ ಮೊದಲು ಅಡ್ಡ ಬರುವುದು ಆ ಗ್ಲಾಸ್ ತಿರುಗಿಸುವ ಹಿಡಿ. ಎಲ್ಲೂ ಸ್ಕ್ರೂ ಕಾಣುವುದಿಲ್ಲ. ಅದನ್ನು ಹಿಡಿದುಕೊಂಡಿರುವುದು ಹಿಂದಿನ ಸಂದಿಯಲ್ಲಿ ಅಡಗಿರುವ, ಕುದುರೆ ಲಾಳದ ಆಕಾರದ ತಂತಿ ಕ್ಲಿಪ್. ಹಳೇ ಬನಿಯನ್ನಿನ ತುಂಡೊಂದನ್ನು ಆ ಸಂದಿಗೆ ತೂರಿಸಿ, ಬೂಟು ಪಾಲಿಶ್ ಮಾಡುವವರ ಹಾಗೆ ಎರಡೂ ತುದಿ ಹಿಡಿದು ಆಚೀಚೆ ಎಳೆಯುತ್ತಿದ್ದರೆ ಕ್ಲಿಪ್ ಬಟ್ಟೆಗೆ ಸಿಕ್ಕಿ ಟಣ್ಣನೆ ಹಾರುತ್ತದೆ. (ಎಲ್ಲಿಗೆ ಹಾರಿತೆಂದು ನೋಡಿಟ್ಟುಕೊಳ್ಳಿ. ನಮ್ಮದು ಪಕ್ಕದ ಮನೆಯ ತುಳಸಿಕಟ್ಟೆಯ ಬುಡದಲ್ಲಿ ಸಿಕ್ಕಿತು.) ಆಮೇಲೆ ಕೈಹಿಡಿಯ ಹಿಂದಿನ ಸ್ಕ್ರೂಗಳು, ಸುತ್ತಲಿನ ಪ್ಲಾಸ್ಟಿಕ್ ಕ್ಲಿಪ್‌ಗಳು. ಪ್ಯಾಡ್ ಕೈಗೆ ಬಂತು. ಅದರ ಹಿಂದೆ ಕಪ್ಪು ಗೋಂದಿನಲ್ಲಿ ಅಂಟಿಸಿದ್ದ ಒಂದು ಪ್ಲಾಸ್ಟಿಕ್ ಹಾಳೆ. ಧೂಳಾಗಿ, ಅಂಚು ಹರಿದು, ನೋಡಲು ಚೆನ್ನಾಗಿರಲಿಲ್ಲ. ಕಿತ್ತು ಬಿಸಾಡಿದೆ. ಈ ಹಾಳೆಯ ವಿಷಯ ಮತ್ತೆ ಬರುತ್ತದೆ.

ಸ್ಪೀಕರ್ ಹೊರಗೆ ತೆಗೆದಾಗ ರೋಗ ಕಣ್ಣಿಗೇ ಕಂಡಿತು. ಕಾಗದದ ಕೋನ್ ಚೆನ್ನಾಗಿಯೇ ಇತ್ತು. ಅದರ ಅಂಚನ್ನು ಲೋಹದ ಬುಟ್ಟಿಗೆ ಸೇರಿಸುವ ಫೋಮ್ ಪಟ್ಟಿ ಮಾತ್ರ ಬೆರಳು ತಾಕಿದ ಕೂಡಲೇ ಹುರಿದ ಹಪ್ಪಳದ ಹಾಗೆ ಪುಡಿಯಾಯಿತು. ಮದುವೆಗೆಂದು ಕೊಂಡು ನಾಲ್ಕಾರು ವರ್ಷ ಬೀರುವಿನಲ್ಲಿಟ್ಟ ಬೂಟನ್ನು ಹಾಕಿಕೊಂಡು ಹೊರಟರೆ ದಾರಿಯಲ್ಲೇ ಅದರ ಅಟ್ಟೆ ಕಳಚಿ ಉದುರುವುದನ್ನು ನೋಡಿದ್ದೀರಲ್ಲ, ಇದೂ ಅದೇ ಕಾಯಿಲೆ. ಎರಡೂ ಪಾಲಿಯುರೆಥೇನ್ ಎಂಬ ಪ್ಲಾಸ್ಟಿಕ್. ಇದರಲ್ಲಿ ಎಸ್ಟರ್ ಎಂಬ ರಾಸಾಯನಿಕ ಬಂಧಗಳಿರುವ ಬಗೆಯನ್ನು ಗಾಳಿಯ ತೇವವೇ ಕತ್ತರಿಸುತ್ತ ಹೋಗುತ್ತದೆ. ನೀರಿನ ಅಣು ಸೇರಿಕೊಂಡು ಉದ್ದನೆಯ ಸರಪಳಿ ಚೂರಾಗುತ್ತದೆ. ಬಳಸಲಿ ಬಿಡಲಿ, ಸೆಕೆ ಮತ್ತು ತೇವ ಇದ್ದರೆ ಸಾಕು. ಹಾಗಾಗಿ ಕರಾವಳಿ, ಮಲೆನಾಡಿನ ಕಾರುಗಳಿಗೆ ಈ ಬಾಧೆ ಬೇಗ. ರಬ್ಬರ್ ಅಂಚಿನ ಸ್ಪೀಕರ್ ಇದಕ್ಕಿಂತ ಬಹುಕಾಲ ಬಾಳುತ್ತದೆ. ಅಂಗಡಿಯಲ್ಲಿ ಕೋನಿನ ಬಣ್ಣ ನೋಡುವ ಮೊದಲು ಅಂಚನ್ನು ಮುಟ್ಟಿ ನೋಡುವುದು ಲೇಸು.

ಆ ಅಂಚಿಗೆ ಅಷ್ಟು ಮಹತ್ವ ಯಾಕೆ? ಸ್ಪೀಕರಿನ ಒಳಗೆ ನಡೆಯುವುದು ಒಂದೇ ಕೆಲಸ. ಹಿಂದೆ ಅಯಸ್ಕಾಂತ, ಅದರ ನಡುವಿನ ಕಿರಿದಾದ ಸಂದಿಯಲ್ಲಿ ತೂಗಿಬಿಟ್ಟ ತಾಮ್ರದ ಸುರುಳಿ, ಸುರುಳಿಗೆ ಅಂಟಿದ ಕೋನ್. ಕಾರಿನ ಸ್ಟೀರಿಯೋ ಸೆಟ್ಟಿನಿಂದ ಬರುವ ವಿದ್ಯುತ್ತು ಒಂದು ದಿಕ್ಕಿಗೆ ಹರಿದರೆ ಸುರುಳಿ ಮುಂದಕ್ಕೆ, ತಿರುಗಿ ಹರಿದರೆ ಹಿಂದಕ್ಕೆ. ಸೆಕೆಂಡಿಗೆ ನೂರು ಸಲ ಹೀಗಾದರೆ ನಮಗೆ ಕೇಳುವುದು ನೂರು ಹರ್ಟ್ಜ್‌ನ ಗುಂಗು. ಅಂಚಿನ ಪಟ್ಟಿ ಕೋನನ್ನು ಸಲೀಸಾಗಿ ಮುಂದೆ ಹಿಂದೆ ಆಡಲು ಬಿಡಬೇಕು, ಪಕ್ಕಕ್ಕೆ ವಾಲಲು ಬಿಡಬಾರದು. ವಾಲಿದರೆ ಸುರುಳಿ ಅಯಸ್ಕಾಂತಕ್ಕೆ ಉಜ್ಜಿ ‘ಬರ್ರ್’. ಈ ವಿನ್ಯಾಸವನ್ನು ಇಂದಿನ ರೂಪಕ್ಕೆ ತಂದವರು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲಾಗ್, 1925ರಲ್ಲಿ. ಅಲ್ಲಿಯವರೆಗೆ ಧ್ವನಿವರ್ಧಕವೆಂದರೆ ಹೆಚ್ಚಾಗಿ ಗ್ರಾಮಫೋನಿನ ಹಾಗೆ ತುತ್ತೂರಿ ಇರುತ್ತಿತ್ತು. ತುತ್ತೂರಿ ಇಲ್ಲದೆಯೂ ದಪ್ಪ ಸ್ವರ ಬರಿಸಬಹುದೆಂದು ಅವರು ತೋರಿಸಿದರು. ಆದರೆ ಅದಕ್ಕೊಂದು ಷರತ್ತಿತ್ತು: ಕೋನಿನ ಸುತ್ತ ಒಂದು ಅಡ್ಡಹಲಗೆ ಬೇಕು. ಆ ಷರತ್ತನ್ನು ನಾನು ಓದಿದ್ದೆ, ಕಾರಿನ ಹತ್ತಿರ ಬರುವಷ್ಟರಲ್ಲಿ ಮರೆತಿದ್ದೆ.

ಬೆಂಗಳೂರಿನಲ್ಲಿ ಕಾರಿನ ಸಾಮಾನೆಂದರೆ ಜೆ.ಸಿ. ರಸ್ತೆ. ಅಲ್ಲಿ ಕೇಳಿಬರುವ ಮೊದಲ ಮಾತು ವಾಟ್. ‘ಸರ್, ಇದು 300 ವಾಟ್, ನೋಡಿ.’ ಡಬ್ಬದ ಮೇಲೂ ದೊಡ್ಡಕ್ಷರದಲ್ಲಿ ಅದೇ. ಈ ಸಂಖ್ಯೆ ಹೇಳುವುದು ಸ್ಪೀಕರ್ ಎಷ್ಟು ಹೊತ್ತುಕೊಳ್ಳಬಲ್ಲದು, ಅದೂ ಕ್ಷಣಮಾತ್ರಕ್ಕೆ, ಅನ್ನುವುದನ್ನು. ಎಷ್ಟು ಜೋರಾಗಿ ಹಾಡುತ್ತದೆ ಅನ್ನುವುದಕ್ಕೂ ಇದಕ್ಕೂ ಸಂಬಂಧ ಕಡಿಮೆ. ಕೊಡುವವರು ಯಾರು ಎಂದು ಕೇಳಿಕೊಂಡರೆ ಗೊತ್ತಾಗುತ್ತದೆ. ಎಂಜಿನ್ ಓಡುವಾಗ ಕಾರಿನ ವಿದ್ಯುತ್ತು ಹೆಚ್ಚೆಂದರೆ 14.4 ವೋಲ್ಟಿನ ಆಸುಪಾಸು. ಡ್ಯಾಶ್‌ಬೋರ್ಡಿನ ಸೆಟ್ ಪ್ರತಿ ಸ್ಪೀಕರಿನ ಎರಡೂ ತಂತಿಯನ್ನು ಎದುರುಬದುರು ತಳ್ಳಿ ಈ ಅಷ್ಟೂ ವೋಲ್ಟನ್ನು ಬಳಸಿಕೊಳ್ಳುತ್ತದೆ. ತುದಿ 14.4 ಇದ್ದರೆ ಆರ್‌ಎಂಎಸ್ (ಏರಿಳಿಯುವ ವೋಲ್ಟಿನ ಒಂದು ಬಗೆಯ ಸರಾಸರಿ) ಲೆಕ್ಕಕ್ಕೆ ಸುಮಾರು 10.2. ಅದರ ವರ್ಗ 104. ಕಾರಿನ ಸ್ಪೀಕರ್ ವಿದ್ಯುತ್ತಿಗೆ ಒಡ್ಡುವ ತಡೆ ಸಾಮಾನ್ಯವಾಗಿ 4 ಓಮ್. 104ನ್ನು 4ರಿಂದ ಭಾಗಿಸಿ: 26 ವಾಟ್. ಒಂದು ಚೂರೂ ಸೋರದಿದ್ದರೆ ಇಷ್ಟು. ನಿಜದಲ್ಲಿ ಸ್ವರ ಒಡೆಯದೆ ಸಿಗುವುದು 20ರ ಆಸುಪಾಸು. ಸೆಟ್ಟಿನ ಮುಖದ ಮೇಲೆ ‘50 ವಾಟ್ x 4’ ಎಂದು ಮಿನುಗುತ್ತಿದ್ದರೂ ಅಷ್ಟೇ. ಬೇರೆ ಆಂಪ್ಲಿಫೈಯರ್ ಹಾಕದೆ 300 ವಾಟಿನ ಸ್ಪೀಕರ್ ಕೊಳ್ಳುವುದೆಂದರೆ ಬೋರ್‌ವೆಲ್ಲಿನಲ್ಲಿ ಅರ್ಧ ಇಂಚು ನೀರಿರುವಾಗ ನಾಲ್ಕಿಂಚಿನ ಪೈಪು ಎಳೆದ ಹಾಗೆ.

ಕೇಳಬೇಕಾದ ಸಂಖ್ಯೆ ಬೇರೆ: ಸೆನ್ಸಿಟಿವಿಟಿ. ಒಂದು ವಾಟ್ ಕೊಟ್ಟು ಒಂದು ಮೀಟರ್ ದೂರದಲ್ಲಿ ಅಳೆದರೆ ಎಷ್ಟು ಡೆಸಿಬೆಲ್ ಎಂಬುದು. ಡಬ್ಬದ ಹಿಂದೆ ಸಣ್ಣಕ್ಷರದಲ್ಲಿ ಇರುತ್ತದೆ. 88 ಇರುವ ಸ್ಪೀಕರ್, 91 ಇರುವುದರಷ್ಟು ಕೇಳಬೇಕಾದರೆ ಎರಡು ಪಟ್ಟು ವಿದ್ಯುತ್ತು ಬೇಡುತ್ತದೆ. ಹಾಗೆ ನೋಡಿದರೆ ಎಲ್ಲ ಸ್ಪೀಕರುಗಳೂ ಉಂಡಾಡಿಗಳೇ. 92 ಡೆಸಿಬೆಲ್ ಇರುವಂಥದ್ದೂ ತಾನು ತಿಂದದ್ದರಲ್ಲಿ ಸುಮಾರು ನೂರರಲ್ಲೊಂದು ಪಾಲನ್ನಷ್ಟೇ ಶಬ್ದವಾಗಿ ಹಿಂದಿರುಗಿಸುತ್ತದೆ. ಉಳಿದದ್ದು ಸುರುಳಿಯ ಬಿಸಿ.

90 ಡೆಸಿಬೆಲ್ಲಿನ, ರಬ್ಬರ್ ಅಂಚಿನ, ಆರೂವರೆ ಇಂಚಿನ ಜೋಡಿಯೊಂದನ್ನು ತಂದೆ. ಹಳೆಯ ತೂತು ಚಿಕ್ಕದಿತ್ತು, ನಡುವೆ ಒಂದು ಎಂಡಿಎಫ್ (ಮರದ ನಾರನ್ನು ಒತ್ತಿ ಮಾಡಿದ) ಹಲಗೆಯ ಬಳೆ ಮಾಡಿಸಿ ಕೂರಿಸಿದೆ. ಆಳವನ್ನು ಮಾತ್ರ ಮೊದಲೇ ಅಳೆದಿದ್ದೆ. ಗ್ಲಾಸ್ ಪೂರ್ತಿ ಇಳಿದಾಗ ಅದು ಬಂದು ನಿಲ್ಲುವುದು ಸ್ಪೀಕರಿನ ಬೆನ್ನಿಗೇ. ಅಯಸ್ಕಾಂತ ಕಾಲಿಂಚು ಹೆಚ್ಚು ಚಾಚಿದರೂ ಗ್ಲಾಸಿಗೆ ಬಡಿಯುತ್ತದೆ. ಎಲ್ಲ ಸರಿಹೋಯಿತು ಅನ್ನಿಸಿ ಸೆಟ್ ಹಾಕಿದೆ.

ವಾರ್ತೆ ಓದುವವರ ‘ಸ’ಕಾರ, ‘ಶ’ಕಾರ ಈಗ ಕಿವಿ ಸೀಳುವಷ್ಟು ಸ್ಪಷ್ಟ. ಯಕ್ಷಗಾನದ ಚೆಂಡೆ ಚಾಟಿಯ ಹಾಗೆ. ಮೃದಂಗದ ತೊಪ್ಪಿ ಮಾತ್ರ ನಾಪತ್ತೆ. ಹಳೆಯ ಹರಿದ ಸ್ಪೀಕರಾದರೂ ‘ಬರ್ರ್’ ಅನ್ನುತ್ತಿತ್ತು. ಇದು ಏನೂ ಅನ್ನಲಿಲ್ಲ.

ಸೆಟ್ಟಿನ ಬ್ಯಾಲೆನ್ಸನ್ನು ಪೂರ್ತಿ ಎಡಕ್ಕೆ ತಿರುಗಿಸಿದೆ. ಒಂದೇ ಸ್ಪೀಕರ್ ಹಾಡುವಾಗ ಮಂದ್ರ ಹೆಚ್ಚಾಯಿತು! ಎರಡಕ್ಕಿಂತ ಒಂದು ಜಾಸ್ತಿ ಕೊಡುತ್ತಿದೆ ಎಂದರೆ ಎರಡೂ ಜಗಳಾಡುತ್ತಿವೆ ಎಂದೇ ಅರ್ಥ. ಗೋಡೆ ಗಡಿಯಾರದ ಒಂದೂವರೆ ವೋಲ್ಟಿನ ಸೆಲ್ ತಂದು, ಸೆಟ್ಟಿನ ಹಿಂದಿನ ಕನೆಕ್ಟರ್ ಕಳಚಿ, ಸ್ಪೀಕರಿಗೆ ಹೋಗುವ ತಂತಿಯ ತುದಿಗೆ ಮುಟ್ಟಿಸಿದೆ. ಎಡದ ಕೋನ್ ‘ಟಪ್’ ಎಂದು ಹೊರಕ್ಕೆ ಬಂತು. ಅದೇ ರೀತಿ ಬಲಕ್ಕೆ ಮುಟ್ಟಿಸಿದರೆ ಕೋನ್ ಒಳಕ್ಕೆ ಹೋಯಿತು. ಒಂದು ಕಡೆ ತಂತಿ ಅದಲುಬದಲಾಗಿತ್ತು. ಒಂದು ಗಾಳಿಯನ್ನು ತಳ್ಳುವಾಗ ಇನ್ನೊಂದು ಎಳೆಯುತ್ತಿತ್ತು. ನೂರು ಹರ್ಟ್ಜ್ ಸ್ವರದ ಅಲೆಯ ಉದ್ದ ಮೂರೂವರೆ ಮೀಟರ್ ಹತ್ತಿರ; ನಮ್ಮ ಕಾರಿನ ಒಳಗಲ ಒಂದೂಕಾಲು ಮೀಟರ್. ಅಷ್ಟು ಉದ್ದನೆಯ ಅಲೆಗೆ ಎಡಬಾಗಿಲು, ಬಲಬಾಗಿಲು ಎರಡೂ ಒಂದೇ ಜಾಗವಿದ್ದ ಹಾಗೆ. ತಳ್ಳಿದ್ದು ಎಳೆದದ್ದು ವಜಾ. ಹತ್ತು ಸಾವಿರ ಹರ್ಟ್ಜ್‌ನ ಅಲೆಯ ಉದ್ದ ಮೂರೂವರೆ ಸೆಂಟಿಮೀಟರ್ ಅಷ್ಟೇ, ಅದಕ್ಕೆ ಈ ಜಗಳ ತಾಗುವುದಿಲ್ಲ. ಹಾಗಾಗಿಯೇ ‘ಸ’ಕಾರಕ್ಕೆ ಏನೂ ಆಗಿರಲಿಲ್ಲ.

ತಂತಿ ತಿರುಗಿಸಿದ ಮೇಲೆ ತೊಪ್ಪಿ ಅರ್ಧ ಬಂತು. ಇನ್ನರ್ಧ?

ಇಲ್ಲಿ ಒಂದು ಪ್ರಯೋಗ ಮಾಡಿದೆ, ನೀವೂ ಮಾಡಿ ನೋಡಬಹುದು. ಸ್ಪೀಕರನ್ನು ಬಾಗಿಲಿನಿಂದ ಬಿಚ್ಚಿ, ತಂತಿ ಹಾಗೆಯೇ ಇಟ್ಟುಕೊಂಡು ಕೈಯಲ್ಲಿ ಹಿಡಿದು ಹಾಡಿಸಿದೆ. ಟೆಲಿಫೋನಿನ ದನಿ. ಹಳೆಯ ರಟ್ಟಿನ ಪೆಟ್ಟಿಗೆಯ ಒಂದು ಮಗ್ಗುಲನ್ನು ಅಗಲಕ್ಕೆ ಕತ್ತರಿಸಿ, ನಡುವೆ ಸ್ಪೀಕರಿನಷ್ಟೇ ದುಂಡನೆಯ ತೂತು ಕೊರೆದು, ಹಿಂದಿನಿಂದ ಒತ್ತಿ ಹಿಡಿದೆ. ಒತ್ತಿದ ಕ್ಷಣಕ್ಕೆ ‘ಗುಂ’. ರಟ್ಟು ತೆಗೆದರೆ ಇಲ್ಲ, ಇಟ್ಟರೆ ಇದೆ. ಮೂರು ಮಿಲಿಮೀಟರ್ ದಪ್ಪದ, ಬಿಟ್ಟಿ ಸಿಕ್ಕ ರಟ್ಟು.

ಕೋನ್ ಮುಂದೆ ಬಂದಾಗ ಎದುರಿನ ಗಾಳಿ ಒತ್ತಿಕೊಳ್ಳುತ್ತದೆ, ಅದೇ ಹೊತ್ತಿಗೆ ಬೆನ್ನಿನ ಗಾಳಿ ಸಡಿಲವಾಗುತ್ತದೆ. ನಡುವೆ ಅಡ್ಡ ಏನೂ ಇಲ್ಲದಿದ್ದರೆ ಮುಂದಿನ ಗಾಳಿ ಅಂಚು ಸುತ್ತಿಕೊಂಡು ಹಿಂದಕ್ಕೆ ಜಾರುತ್ತದೆ. ದೂರ ಹೋಗುವ ಅಲೆಯೇ ಹುಟ್ಟುವುದಿಲ್ಲ. ಸ್ವರ ಮಂದ್ರವಾದಷ್ಟೂ ಜಾರಿಕೊಳ್ಳಲು ಸಮಯ ಜಾಸ್ತಿ. ರೈಸ್ ಮತ್ತು ಕೆಲಾಗರ ಅಡ್ಡಹಲಗೆ ಇರುವುದು ಈ ಕಳ್ಳದಾರಿ ಮುಚ್ಚುವುದಕ್ಕೆ. ಮನೆಯ ಸ್ಪೀಕರಿಗೆ ಮರದ ಪೆಟ್ಟಿಗೆ ಜೊತೆಯಲ್ಲೇ ಬರುತ್ತದೆ. ಕಾರಿನ ಸ್ಪೀಕರನ್ನು ನಮಗೆ ಪೆಟ್ಟಿಗೆಯಿಲ್ಲದೆ ಮಾರುತ್ತಾರೆ. ಪೆಟ್ಟಿಗೆ ಎಂದರೆ ನಮ್ಮ ಬಾಗಿಲೇ.

ಆ ಪೆಟ್ಟಿಗೆ ಹೇಗಿತ್ತು ಅಂದರೆ, ಒಳತಗಡಿನಲ್ಲಿ ಗ್ಲಾಸಿನ ಯಂತ್ರ ರಿಪೇರಿ ಮಾಡಲೆಂದು ಬಿಟ್ಟ, ಮೊಣಕೈವರೆಗೆ ತೂರಿಸಬಹುದಾದ ಎರಡು ದೊಡ್ಡ ತೂತುಗಳು. ಹುಡುಕಿದರೆ ಸಣ್ಣವು ಇನ್ನೂ ಏಳೆಂಟು. ಅವನ್ನೆಲ್ಲ ಮುಚ್ಚಿಕೊಂಡಿದ್ದದ್ದು ನಾನು ಕಿತ್ತು ಬಿಸಾಡಿದ ಆ ಕೊಳಕು ಹಾಳೆ. ಅದು ತೆಳ್ಳಗಿತ್ತು, ದೊಡ್ಡ ಅಡ್ಡಗೋಡೆಯೇನಲ್ಲ ನಿಜ. ಆದರೂ ಏನೂ ಇಲ್ಲದ್ದಕ್ಕಿಂತ ವಾಸಿ.

ಅದರ ಇನ್ನೊಂದು ಕೆಲಸ ತಿಳಿದದ್ದು ಜೂನ್‌ನಲ್ಲಿ, ತೀರ್ಥಹಳ್ಳಿಯ ದಾರಿಯಲ್ಲಿ. ಮಳೆ ಸುರಿಯುವಾಗ ಗ್ಲಾಸಿನ ಮೇಲೆ ಇಳಿದ ನೀರಿನಲ್ಲಿ ಒಂದಷ್ಟು ರಬ್ಬರಿನ ಸಂದಿಯಿಂದ ಬಾಗಿಲಿನ ಒಳಗೇ ಇಳಿಯುತ್ತದೆ. ಇಳಿಯಲೆಂದೇ ಮಾಡಿರುವುದು, ಬಾಗಿಲಿನ ತಳದಲ್ಲಿ ಅದು ಹೊರಹೋಗಲು ಸೀಳುಗಳಿವೆ. ಹಾಳೆ ಇದ್ದರೆ ನೀರು ಅದರ ಬೆನ್ನಮೇಲೆ ಜಾರಿ ತಳ ಸೇರುತ್ತದೆ. ಇಲ್ಲದಿದ್ದರೆ ಸಿಡಿದದ್ದು ಪ್ಯಾಡಿಗೆ, ಪ್ಯಾಡಿನಿಂದ ಕಾಲಡಿಗೆ. ಅಮ್ಮ ಚಪ್ಪಲಿ ಬಿಚ್ಚಿಟ್ಟು ಕೂತಿದ್ದರು. ‘ಇದೇನೋ, ಮ್ಯಾಟೆಲ್ಲ ಪಚಪಚ ಅಂತಿದೆ?’ ನನ್ನ ಎಂಡಿಎಫ್ ಬಳೆಯೂ ಅಷ್ಟರಲ್ಲಿ ನೀರು ಕುಡಿದು ರಸ್ಕಿನ ಹಾಗೆ ಉಬ್ಬಿತ್ತು. ಬಾಗಿಲಿನ ಒಳಗೆ ಹಾಕುವ ಬಳೆ ಪ್ಲಾಸ್ಟಿಕ್ಕಿನದೇ ಆಗಿರಬೇಕು. ತಳದ ಆ ಸೀಳುಗಳನ್ನು, ಶಬ್ದ ಸೋರುತ್ತದೆಂದು, ಯಾವ ಕಾರಣಕ್ಕೂ ಮುಚ್ಚಬಾರದು. ನೀರು ನಿಂತು ತಗಡನ್ನು ತುಕ್ಕು ತಿನ್ನುತ್ತದೆ.

ಮೂರನೆಯ ಭಾನುವಾರ ಬ್ಯೂಟೈಲ್ ಶೀಟು ತಂದೆ. ಒಂದು ಬದಿ ಅಲ್ಯೂಮಿನಿಯಂ ಹಾಳೆ, ಇನ್ನೊಂದು ಬದಿ ಕಪ್ಪಗೆ ಅಂಟಂಟಾದ ರಬ್ಬರ್. (ಇದರಂತೆಯೇ ಕಾಣುವ, ಅಗ್ಗದ ಡಾಂಬರಿನ ಶೀಟೂ ಇದೆ. ಬೇಸಿಗೆಯಲ್ಲಿ ಕಾರು ಬಿಸಿಲಿಗೆ ನಿಂತರೆ ಕರಗಿ ಜಾರುತ್ತದೆ, ವಾಸನೆ ಬೇರೆ.) ಸ್ಪೀಕರಿನ ಹಿಂದೆ ಸಿಗುವ ಹೊರತಗಡಿನ ನಡುಭಾಗಕ್ಕೆ ಒಂದು ದೊಡ್ಡ ತುಂಡು, ಒಳತಗಡಿನ ತೂತುಗಳ ಮೇಲೆ ಉಳಿದದ್ದು. ದಪ್ಪ ಪ್ಲಾಸ್ಟಿಕ್ಕಿನ ಹೊಸ ಹಾಳೆ ಕತ್ತರಿಸಿ ಅದರ ಮೇಲೆ ಅಂಟಿಸಿದೆ. ಪ್ಲಾಸ್ಟಿಕ್ ಬಳೆ ಮತ್ತು ತಗಡಿನ ನಡುವೆ ಫೋಮ್ ಪಟ್ಟಿ.

ಹೊರತಗಡಿಗೆ ಯಾಕೆಂದರೆ ಅದು ತಾನೂ ಒಂದು ತಮಟೆ. ಬೆರಳ ಗೆಣ್ಣಿನಿಂದ ಕುಟ್ಟಿದರೆ ‘ಠಣ್’ ಎಂದು ಎಳೆಯುತ್ತದೆ. ಸ್ಪೀಕರ್ ಕುಟ್ಟಿದಾಗಲೂ ಹಾಗೇ ತನ್ನ ರಾಗ ಸೇರಿಸುತ್ತದೆ. ಬ್ಯೂಟೈಲ್ ಅಂಟಿಸಿದರೆ ತಗಡು ಬಾಗಿದಾಗೆಲ್ಲ, ತಗಡಿಗೂ ಅಲ್ಯೂಮಿನಿಯಂ ಹಾಳೆಗೂ ನಡುವೆ ಸಿಕ್ಕ ಆ ಅಂಟು ಹಿಗ್ಗಿ ಜಗ್ಗಿ ಕಂಪನವನ್ನು ಬಿಸಿಯಾಗಿ ಕಳೆದುಬಿಡುತ್ತದೆ. ಅದರ ತೂಕದಿಂದ ತಗಡಿನ ಶ್ರುತಿಯೂ ಕೆಳಗಿಳಿಯುತ್ತದೆ. ಕಚೇರಿಗೆ ಮುಂಚೆ ಮೃದಂಗದವರು ತೊಪ್ಪಿಗೆ ರವೆ ಕಲಸಿ ಮೆತ್ತುವುದೂ ತೂಕ ಸೇರಿಸಿ ಶ್ರುತಿ ಇಳಿಸುವುದಕ್ಕೇ. ಬಲಮುಖದ ನಡುವೆ ಮೆತ್ತಿರುವ ಕರಿ ಲೇಪ, ಕರಣೆಯದು ಇನ್ನೂ ಸೂಕ್ಷ್ಮ ಕೆಲಸ. ಆ ಭಾರದಿಂದ ಮೃದಂಗದ ಮೇಲುಸ್ವರಗಳು ತಂತಿವಾದ್ಯದವುಗಳಂತೆ ಹೊಂದಿಕೊಂಡು ಬರುವುದನ್ನು ಸಿ.ವಿ. ರಾಮನ್ 1920ರಲ್ಲೇ ‘ನೇಚರ್’ ಪತ್ರಿಕೆಯಲ್ಲಿ ಬರೆದಿದ್ದರು.

ಒಂದು ಕೊರತೆ ಉಳಿಯಿತು. ಆ ಮೂರೂವರೆ ಸೆಂಟಿಮೀಟರಿನ ಅಲೆಗಳು ನೆಟ್ಟಗೆ ಹೋಗುತ್ತವೆ, ಅಡ್ಡ ಬಂದದ್ದನ್ನು ಬಳಸಿಕೊಂಡು ಹೋಗಲಾರವು. ಸ್ಪೀಕರ್ ಇರುವುದು ಮೀನಖಂಡದ ಪಕ್ಕ, ನಮ್ಮ ಕಿವಿ ಅಲ್ಲಿಲ್ಲ. ಕನ್ನಡಿಯ ಹತ್ತಿರ ಪ್ರತ್ಯೇಕವಾಗಿ ಕೂರಿಸುವ ಟ್ವೀಟರ್ (‘ಸ’ಕಾರದಂಥ ತೀಕ್ಷ್ಣ ಸ್ವರಗಳಿಗೆಂದೇ ಇರುವ ಪುಟ್ಟ ಸ್ಪೀಕರ್) ಜೊತೆಗಿರುವ ಸ್ಪೀಕರ್ ಜೋಡಿ ಕೊಂಡಿದ್ದರೆ ಇದು ತಪ್ಪುತ್ತಿತ್ತು. ಮುಂದಿನ ಸಲ.

ಸಂಜೆ ಅಪ್ಪ ಹಾಲು ತರಲು ಹೊರಟರು. ಹಾಡು ಹಾಕಿಕೊಟ್ಟು, ಎಡಗಡೆ ಸೀಟಿನಲ್ಲಿ ಕೂತು ಬಾಗಿಲು ಎಳೆದುಕೊಂಡೆ. ತಗಡಿನ ಸದ್ದಿಲ್ಲದೆ ‘ದಪ್’ ಎಂದು ಮುಚ್ಚಿತು. ಅಪ್ಪ ಸೆಟ್ಟಿನ ಕಡೆ ನೋಡಲೇ ಇಲ್ಲ, ಬಾಗಿಲನ್ನು ನೋಡಿದರು.

‘ಬಾಗಿಲು ಹೊಸದು ಹಾಕಿಸಿದೆಯೇನೋ?’

ಬಲಬಾಗಿಲು ಇನ್ನೂ ಠಣ್ ಅನ್ನುತ್ತದೆ. ತಂದ ಶೀಟು ಒಂದಕ್ಕೇ ಮುಗಿದಿತ್ತು.