ಪರಾಗಕ್ಕೆ ಸಾಧ್ಯ, ಇಡೀ ಕಾಯಿಗೆ ಅಲ್ಲ

ಕಾಸರಗೋಡಿನ ಕೂಡ್ಲಿನಲ್ಲಿರುವ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯಲ್ಲಿ (ಸಿಪಿಸಿಆರ್‌ಐ) ತೆಂಗಿನ ಪರಾಗವನ್ನು ಮೈನಸ್ 196 ಡಿಗ್ರಿ ಸೆಲ್ಸಿಯಸ್ಸಿನ ದ್ರವ ಸಾರಜನಕದಲ್ಲಿ ಕಾಪಿಡುವ ವಿಧಾನವನ್ನು ರೂಢಿಸಿದ್ದಾರೆ. ಹೊಂಬಾಳೆಯ ಗಂಡು ಹೂ ಬಿಡಿಸಿ, ಹದವಾಗಿ ಒಣಗಿಸಿ, ಜರಡಿ ಹಿಡಿದು, ಪೊಟ್ಟಣ ಕಟ್ಟಿ ಮುಳುಗಿಸುವುದು. ವರ್ಷಗಳ ಬಳಿಕ ತೆಗೆದು ಹೆಣ್ಣು ಹೂವಿಗೆ ಹಚ್ಚಿದರೂ ಕಾಯಿ ಕಟ್ಟುತ್ತದೆ. ಬಿತ್ತನೆಯ ಇಡೀ ಕಾಯಿಯನ್ನು ಮಾತ್ರ ಹೀಗೆ ಇಡಲಾಗದು: ಒಣಗಿಸಿದರೂ ಸಾಯುತ್ತದೆ, ಹಸಿಯಾಗಿ ಹೆಪ್ಪುಗಟ್ಟಿಸಿದರೂ ಸಾಯುತ್ತದೆ.

ಸತ್ತವರ ದೇಹವನ್ನು ಅದೇ ದ್ರವದಲ್ಲಿಟ್ಟು, ಮುಂದೆಂದೋ ಎಬ್ಬಿಸಬಹುದೆಂದು ಕಾಯುವ ಸಂಸ್ಥೆಗಳು ಅಮೆರಿಕದಲ್ಲಿವೆ. ಜೇಮ್ಸ್ ಬೆಡ್‌ಫರ್ಡ್ ಎಂಬ ಪ್ರಾಧ್ಯಾಪಕರ ದೇಹ 1967ರ ಜನವರಿಯಿಂದಲೂ ಹೆಪ್ಪುಗಟ್ಟಿಯೇ ಇದೆ. ಎದ್ದವರು ಒಬ್ಬರೂ ಇಲ್ಲ.

ತೊಡಕಿರುವುದು ನೀರಿನಲ್ಲಿ. ಬೊಂಡದ ನೀರನ್ನು ಫ್ರೀಜರಿನಲ್ಲಿಟ್ಟು, ಅರ್ಧ ಗಟ್ಟಿಯಾದಾಗ ಉಳಿದದ್ದನ್ನು ಕುಡಿದು ನೋಡಿ, ಸಿಹಿ ಹೆಚ್ಚಿರುತ್ತದೆ. ಗಡ್ಡೆಯಾಗುವುದು ಬಹುಪಾಲು ಬರೀ ನೀರು, ಸಕ್ಕರೆ ಮತ್ತು ಲವಣ ಹೊರಗುಳಿಯುತ್ತವೆ. ದೇಹದಲ್ಲೂ ಹೀಗೆಯೇ. ನಿಧಾನವಾಗಿ ತಣಿಸಿದರೆ ಹಿಮ ಮೊದಲು ಜೀವಕೋಶಗಳ ಹೊರಗೆ ಹುಟ್ಟುತ್ತದೆ, ಅಲ್ಲಿ ಉಳಿದ ದ್ರವ ಉಪ್ಪಾಗಿ ಕೋಶದೊಳಗಿನ ನೀರನ್ನು ಎಳೆದುಕೊಳ್ಳುತ್ತದೆ, ಕೋಶ ಸುಕ್ಕುಗಟ್ಟಿ ಸಾಯುತ್ತದೆ. ಬೇಗ ತಣಿಸಿದರೆ ನೀರಿಗೆ ಹೊರಬರಲು ಪುರುಸೊತ್ತಿಲ್ಲ; ಒಳಗೇ ಹರಳುಗಟ್ಟಿ ಪೊರೆಯನ್ನು ಹರಿಯುತ್ತದೆ.

ಇದಕ್ಕೊಂದು ಉಪಾಯವುಂಟು. ಎಥಿಲೀನ್ ಗ್ಲೈಕಾಲ್, ಡಿಎಂಎಸ್‌ಒದಂಥ ರಾಸಾಯನಿಕಗಳನ್ನು ರಕ್ತನಾಳಗಳಲ್ಲಿ ಹಾಯಿಸಿದರೆ ನೀರು ಹರಳಾಗದೆ ಗಾಜಿನಂತೆ ಗಟ್ಟಿಯಾಗುತ್ತದೆ. ಆದರೆ ಬೇಕಾದಷ್ಟು ಸಾಂದ್ರತೆಯಲ್ಲಿ ಈ ದ್ರಾವಣವೇ ವಿಷ. ಅದಕ್ಕೇ ದೇಹವನ್ನು ತಣಿಸುತ್ತ, ಸಾಂದ್ರತೆಯನ್ನು ಹಂತಹಂತವಾಗಿ ಏರಿಸಬೇಕು. ಸಾವು ಘೋಷಣೆಯಾಗುವ ಮೊದಲು ಕೆಲಸಕ್ಕೆ ಕೈಹಚ್ಚುವಂತಿಲ್ಲ. ತಡವಾದರೆ ರಕ್ತ ಹೆಪ್ಪುಗಟ್ಟಿ ನಾಳ ಮುಚ್ಚುತ್ತದೆ, ದ್ರಾವಣ ತಲುಪದ ಭಾಗವೆಲ್ಲ ಹಿಮವಾಗುತ್ತದೆ. ಮಿದುಳಿನಿಂದ ನೀರು ಹೊರಗೆ ಬರುವಷ್ಟು ಸುಲಭವಾಗಿ ರಾಸಾಯನಿಕ ಒಳಗೆ ಹೋಗದು, ಹಾಗಾಗಿ ಮಿದುಳು ಕುಗ್ಗುತ್ತದೆ. ಗಾಜಾದ ಮೇಲೂ ಇನ್ನಷ್ಟು ತಣಿಸಿದರೆ ಬಿರುಕು ಬೀಳುತ್ತದೆ: ಹೊರಗು ಒಳಗಿಗಿಂತ ಮೊದಲು ಕುಗ್ಗುವುದೇ ಕಾರಣ.

ಮತ್ತೆ ಬಿಸಿ ಮಾಡುವುದಂತೂ ಇನ್ನೂ ಕಷ್ಟ. ಎಲ್ಲ ಕಡೆ ಒಂದೇ ವೇಗದಲ್ಲಿ, ಬೇಗನೆ ಆಗಬೇಕು. ತಡವಾದರೆ ದಾರಿಯಲ್ಲೇ ಹರಳು ಹುಟ್ಟುತ್ತದೆ. 2023ರಲ್ಲಿ ಮಿನ್ನೆಸೋಟ ವಿಶ್ವವಿದ್ಯಾಲಯದವರು ಕಬ್ಬಿಣದ ಆಕ್ಸೈಡಿನ ನ್ಯಾನೊಕಣ ತುಂಬಿದ ಇಲಿಯ ಮೂತ್ರಪಿಂಡಗಳನ್ನು 100 ದಿನಗಳವರೆಗೂ ಗಾಜಾಗಿಸಿಟ್ಟು, ಬದಲಾಗುತ್ತಿರುವ ಕಾಂತಕ್ಷೇತ್ರದಿಂದ ಬಿಸಿ ಮಾಡಿ, ಇಲಿಗಳಿಗೇ ಕಸಿ ಮಾಡಿದರು. ಅವು ಕೆಲಸ ಮಾಡಿದವು. ಇಲಿಯ ಮೂತ್ರಪಿಂಡ ಒಂದೆರಡು ಗ್ರಾಂ, ಮನುಷ್ಯನದು ಸುಮಾರು 150.

ಅಮರರಾಗುವ ಆಸೆಗೆ ಹಣ ಸುರಿಯುವುದು ನನಗೆ ದಂಡವೆನಿಸುತ್ತದೆ. ಈ 150 ಗ್ರಾಮಿಗೆ ಸುರಿದರೆ ಅಲ್ಲ. ದಾನದ ಹೃದಯ ಮಂಜುಗಡ್ಡೆಯ ಮೇಲೆ ಸುಮಾರು ನಾಲ್ಕು ಗಂಟೆ ತಾಳುತ್ತದೆ. ಕಾಸರಗೋಡಿನಿಂದ ಕೊಚ್ಚಿಗೆ ರಸ್ತೆಯಲ್ಲಿ ಅಷ್ಟರೊಳಗೆ ಮುಟ್ಟಲಾಗದು.