ಅಡಿಕೆ ಮರ ಕೇಳದ ಎತ್ತರ ಆಫೀಸಿಗೆ ಯಾಕೆ?

ಶಿರಸಿ, ಕಾರವಾರ ಕಡೆಯ ಅಂಗಡಿ, ಸೊಸೈಟಿ, ಸಣ್ಣ ಕಂಪನಿಗಳಿಗೆ ಜನ ಆರಿಸಿಕೊಡುವುದು ನನ್ನ ಕೆಲಸ. ಸಂದರ್ಶನ ಮುಗಿದ ಮೇಲೆ ಮಾಲೀಕರು ಪದೇ ಪದೇ ಹೇಳುವ ಮಾತು, 'ಆ ಹುಡುಗ ಚಲೋ ಎತ್ತರ ಇದ್ದಾನೆ, ಅವನನ್ನೇ ತಗೊಳ್ಳುವಾ.' ಖಾಲಿ ಇರುವುದು ಲೆಕ್ಕ ಬರೆಯುವ ಕೆಲಸ!

ಇದು ನಮ್ಮೂರಿನ ಚಾಳಿ ಮಾತ್ರ ಅಲ್ಲ. ಅಮೆರಿಕ, ಬ್ರಿಟನ್ನಿನ ನೌಕರರ ಮಾಹಿತಿ ಇಟ್ಟುಕೊಂಡು ಜಡ್ಜ್ ಮತ್ತು ಕೇಬಲ್ ಎಂಬ ಸಂಶೋಧಕರು 2004ರಲ್ಲಿ ಲೆಕ್ಕ ಹಾಕಿದರು. ವಯಸ್ಸು, ತೂಕ, ಗಂಡು-ಹೆಣ್ಣು ಎಂಬ ವ್ಯತ್ಯಾಸ ಎಲ್ಲ ಕಳೆದ ಮೇಲೂ ಒಂದು ಇಂಚು ಎತ್ತರಕ್ಕೆ ವರ್ಷಕ್ಕೆ ಸುಮಾರು 789 ಡಾಲರ್ ಜಾಸ್ತಿ ಸಂಬಳ ಕಂಡಿತು. ಅದೇ ವರ್ಷ ಬಂದ ಇನ್ನೊಂದು ಅಧ್ಯಯನ ನನಗೆ ಹೆಚ್ಚು ಹಿಡಿಸಿತು. ಅಲ್ಲಿನ ಬಿಳಿಯ ಗಂಡಸರ ಸಂಬಳಕ್ಕೆ ಈಗಿನ ಎತ್ತರಕ್ಕಿಂತ 16ನೇ ವಯಸ್ಸಿನ ಎತ್ತರವೇ ಮುಖ್ಯ ಎಂದು ಪರ್ಸಿಕೊ ಮತ್ತು ಜೊತೆಗಾರರು ತೋರಿಸಿದರು. ಗಿಡ್ಡ ಹುಡುಗರು ಶಾಲೆಯ ಆಟ, ಸಂಘಗಳಿಂದ ದೂರ ಉಳಿಯುತ್ತಾರೆ, ನಾಲ್ಕು ಜನರ ಎದುರು ಮಾತಾಡುವ ಅಭ್ಯಾಸ ಆಗುವುದಿಲ್ಲ, ಆಮೇಲೆ ಎಷ್ಟು ಬೆಳೆದರೂ ಆ ಕೊರತೆ ಹಾಗೇ ಇರುತ್ತದೆ ಎಂಬುದು ಅವರ ವಾದ. ಬಾಲ್ಯದ ಊಟ, ಆರೋಗ್ಯವೇ ಎತ್ತರಕ್ಕೂ ಬುದ್ಧಿಗೂ ಮೂಲ, ಸಂಬಳ ಹೆಚ್ಚುವುದು ಆ ಬುದ್ಧಿಯಿಂದ ಅಂತ 2008ರಲ್ಲಿ ಕೇಸ್ ಮತ್ತು ಪ್ಯಾಕ್ಸನ್ ಎಂಬ ಸಂಶೋಧಕರು ಹೇಳಿದರು. ಇರಬಹುದು. ಆದರೂ ಎದುರಿಗೆ ಕೂತವರನ್ನು ಇಂಚುಪಟ್ಟಿಯಲ್ಲಿ ಅಳೆಯಲಿಕ್ಕೆ ಅದು ಕಾರಣ ಆಗುವುದಿಲ್ಲ.

ಕೆಲಸವನ್ನೇ ಎಣಿಸಿ ದುಡ್ಡು ಕೊಡುವಲ್ಲಿ ಈ ಭ್ರಮೆ ಇಲ್ಲ. ನಮ್ಮ ತೋಟದಲ್ಲಿ ಮರ ಹತ್ತಿ ಅಡಿಕೆ ಗೊನೆ ಕೊಯ್ಯುವ ಕೊನೆಗೌಡನ ಎತ್ತರ ಯಾರಾದರೂ ಕೇಳಿದ್ದುಂಟಾ? ಸಪೂರ ಆಳು, ಮರದಿಂದ ಮರಕ್ಕೆ ದಾಟುತ್ತಾ ಹಗ್ಗದಲ್ಲಿ ಕೊನೆ ಇಳಿಸುತ್ತಾನೆ. ಅವನು ಕೇಳಿದಷ್ಟು ಕೂಲಿ ಕೊಟ್ಟು, ಮೇಲಿಂದ ಚಾ-ತಿಂಡಿ ಮಾಡಿ ಕಾಯುತ್ತೇವೆ.

ಆಫೀಸಿನಲ್ಲಿ ಹಾಗಲ್ಲ. ಕಾರವಾರದ ಒಂದು ಕಚೇರಿಯಲ್ಲಿ ಐದಡಿಯೂ ಇಲ್ಲದ ಮೇಡಂ ಮ್ಯಾನೇಜರ್. ಬಂದವರೆಲ್ಲ ಅವರ ಟೇಬಲ್ ದಾಟಿ ಹಿಂದೆ ನಿಂತ ಉದ್ದನೆಯ ಗುಮಾಸ್ತನಿಗೆ ಕಾಗದ ಚಾಚುತ್ತಾರೆ. ಆತ ಪಾಪ, ಮುಜುಗರದಲ್ಲಿ ಮೇಡಂ ಕಡೆ ಕೈ ತೋರಿಸುತ್ತಾನೆ. ಹೆಂಗಸು ಅನ್ನುವುದೂ ಇದರಲ್ಲಿ ಸೇರಿದೆ, ಬಿಡಿ.

ಅದಕ್ಕೇ ಮಾಲೀಕರಿಗೆ ನಾನು ಹೇಳುವುದು, ಮೊದಲ ಸುತ್ತು ಫೋನಿನಲ್ಲೇ ಮುಗಿಸಿ. ಎಲ್ಲರಿಗೂ ಅವೇ ಪ್ರಶ್ನೆ ಕೇಳಿ, ಅಂಕ ಆಗಲೇ ಬರೆದಿಡಿ. ಸಂಬಳ ಎಷ್ಟು ಅನ್ನುವುದನ್ನು ಮುಖ ನೋಡುವ ಮೊದಲೇ ಗಟ್ಟಿ ಮಾಡಿ. ಕೆಲಸ ಹುಡುಕುವವರೇ, ಆ ಜಾಗದಲ್ಲಿ ಹಿಂದೆ ಇದ್ದವರಿಗೆ ಎಷ್ಟು ಸಿಗುತ್ತಿತ್ತು ಅಂತ ವಿಚಾರಿಸಿಕೊಂಡೇ ಹೋಗಿ. 'ನೀವೇ ನೋಡಿ ಕೊಡಿ' ಅನ್ನಬೇಡಿ. ಅವರು ನೋಡಿಯೇ ಕೊಡುತ್ತಾರೆ, ತಾಪತ್ರಯ ಇರುವುದೇ ಅಲ್ಲಿ.